ಒರೆಸಿದ ಗೆರೆ

ಶಾಂತಿಯ ಕಣ್ಣು ತಪ್ಪಿಸಿ ಕೂದಲೆಳೆಯಷ್ಟು ಬಿರುಕೂ ಹೊರಗೆ ಹೋಗುವುದಿಲ್ಲ ಅಂತ ಪೀಣ್ಯದ ಆ ವಾಲ್ವ್ ಕಾರ್ಖಾನೆಯಲ್ಲಿ ಹೆಸರಿತ್ತು. ಹದಿನಾಲ್ಕು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು. ಹಾಳಾದ್ದು, ಅದು ಒಂದು ಚಿಂದಿ ಬಟ್ಟೆಯಲ್ಲಿ ಒರೆಸಿ ಹೋಯಿತು, ಅದೂ ಆಯುಧಪೂಜೆಯ ದಿನ.

ಅವಳ ಕೆಲಸಕ್ಕೆ ಬೇಕಾದದ್ದು ತಾಳ್ಮೆ. ಎರಕದ ಮೇಲೆ ಕೆಂಪು ಬಣ್ಣ ಬಳಿಯಬೇಕು, ಕಾಯಬೇಕು, ಒರೆಸಬೇಕು, ಆಮೇಲೆ ಬಿಳಿ ಪುಡಿ ಸಿಂಪಡಿಸಬೇಕು. ಬಿರುಕಿದ್ದರೆ ಒಳಗೆ ಇಳಿದಿದ್ದ ಬಣ್ಣ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತದೆ. ಮೂಡಿತೋ, ಆ ಮಾಲು ವಾಪಸ್ಸು.

ಅವತ್ತು ಹೊರಡಬೇಕಿದ್ದದ್ದು ಆಳೆತ್ತರದ ವಾಲ್ವು. ಕಾಕಿನಾಡದಾಚೆ ಸಮುದ್ರದ ತಳದಿಂದ ಗ್ಯಾಸ್ ತೆಗೆಯುವ ಹೊಸ ಪ್ಲಾಟ್‌ಫಾರ್ಮಿಗೆ. ಲಾರಿ ಗೇಟಿನಲ್ಲಿ ಕಾಯುತ್ತಿತ್ತು. ಮಂಗಳಾರತಿ ಆಯಿತೆಂದರೆ ಅವತ್ತು ಯಾರೂ ಉಪಕರಣ ಮುಟ್ಟುವ ಹಾಗಿಲ್ಲ, ಮರುದಿನ ರಜೆ. ರೇಷ್ಮೆ ಪಂಚೆಯುಟ್ಟ ಮಾಲೀಕ ರಾಜೇಂದ್ರ ಮೂರು ಸಲ ಬಂದು ಇಣುಕಿದರು.

"ಏನಮ್ಮಾ ಶಾಂತಿ, ಇನ್ನೂ ಆಗ್ಲಿಲ್ವಾ? ಪೂಜಾರ್ರು ಕಾಯ್ತಾವ್ರೆ."

ವಾಲ್ವಿನ ಕುತ್ತಿಗೆಯಲ್ಲಿ ಬೆರಳುದ್ದದ ಕೆಂಪು ಗೆರೆ! ಕಣ್ಣೆತ್ತಿ ನೋಡಿದರೆ, ಅದೇ ಕಾರ್ಖಾನೆಯ ಫಿಟ್ಟರ್ ಆಗಿದ್ದ ಅವಳ ಗಂಡ ನರೇಶ್ ನೀರಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ಸಿಕ್ಕಸಿಕ್ಕಿದ್ದಕ್ಕೆಲ್ಲ ಬೊಟ್ಟಿಡುತ್ತಿದ್ದ. ಲೇತು, ಡ್ರಿಲ್ಲು, ಸ್ಪ್ಯಾನರು, ಕೊನೆಗೆ ಕಸಬರಿಕೆಗೂ. ಓಹೋ, ಇದೂ ಇವರದೇ ಕೆಲಸ, ಕುಂಕುಮ ಇಳಿದಿದೆ ಅಂದುಕೊಂಡಳು. ನಿಯಮದ ಪ್ರಕಾರ ಎಲ್ಲ ತೊಳೆದು ಮೊದಲಿಂದ ಪರೀಕ್ಷಿಸಬೇಕಿತ್ತು. ಅದಕ್ಕೆ ಒಂದು ಗಂಟೆ ಬೇಕು. ಅವಳು ಬಟ್ಟೆ ತೆಗೆದುಕೊಂಡು ಒರೆಸಿದಳು, ಗೆರೆ ಹೋಯಿತು. ಒರೆಸಿದರೆ ಬಿರುಕಿನ ಗೆರೆಯೂ ಹೋಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಸಹಿ ಹಾಕಿದಳು. ಲಾರಿ ಹೊರಟ ಮೇಲೆ ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆದರು.

ಇಪ್ಪತ್ತು ದಿನ ಕಳೆದ ಮೇಲೆ ವಾಲ್ವು ಕೂರಿಸಲು ನರೇಶನನ್ನೇ ಕಳಿಸಿದರು. ಚಿಕ್ಕಬಾಣಾವರದಲ್ಲಿ ಹುಟ್ಟಿ ಬೆಳೆದವನು, ಸಮುದ್ರವನ್ನೇ ಕಂಡವನಲ್ಲ. ಕುಣಿದುಕೊಂಡು ಹೋದ. ನಾಲ್ಕನೆಯ ದಿನ ಊಟದ ಹೊತ್ತಿಗೆ ಪ್ಲಾಟ್‌ಫಾರ್ಮಿನಿಂದ ಫೋನು ಮಾಡಿದ.

"ಫಿಟ್ ಆಯ್ತು ಕಣೇ. ಮೂರು ಗಂಟೆಗೆ ಗ್ಯಾಸ್ ಬಿಡ್ತಾರೆ. ಎಲ್ಲಿ ನೋಡಿದ್ರೂ ನೀರು. ಮುದ್ದೆ ಮಾತ್ರ ಕೇಳ್ಬೇಡ, ಮೂರೊತ್ತೂ ಅನ್ನ."

"ಆಗ್ಲಿ ಬಿಡಿ, ನಿಮ್ಗೆ ಹಂಗೇ ಆಗ್ಬೇಕು," ಶಾಂತಿ ರೇಗಿಸಿದಳು. "ಅವತ್ತು ಆ ವಾಲ್ವಿಗೆ ಕುಂಕುಮ ಮೆತ್ತಿ ನನ್ನ ಜೀವ ತೆಗೆದ್ರಲ್ಲ."

"ಇದಕ್ಕಾ? ಇದಕ್ಕೆ ನಾನು ಕುಂಕುಮ ಇಟ್ಟೇ ಇಲ್ವಲ್ಲೇ! ನೀನು ಪೌಡರ್ ಹೊಡೆದಿದ್ದೆ, ಬೈತೀಯ ಅಂತ ಒಂದು ಚೆಂಡುಹೂವ ಸಿಗಿಸಿ ಬಂದೆ ಅಷ್ಟೇ. ಸರಿ, ಇಲ್ಲಿ ಕ್ಯೂ ಇದೆ, ಇಡ್ತೀನಿ."

ಬಾಯಲ್ಲಿದ್ದ ಚಿತ್ರಾನ್ನ ಬಾಯಲ್ಲೇ ಉಳಿಯಿತು. ಮತ್ತೆ ಮತ್ತೆ ಮಾಡಿದಳು, ಆ ಫೋನು ಎಂಗೇಜ್. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು. ಕಾಕಿನಾಡದ ನಂಬರಿದ್ದದ್ದು ರಾಜೇಂದ್ರರ ಫೋನಿನಲ್ಲಿ ಮಾತ್ರ, ಅವರು ಕರೆ ಎತ್ತಲಿಲ್ಲ. ಪೀಣ್ಯದಾಚೆ ಊಟಕ್ಕೆ ಹೋಗಿದ್ದ ಅವರು ಬರುವವರೆಗೆ ಓಡಿಹೋಗಿ ಗೇಟಿನಲ್ಲಿ ನಿಂತಳು. ಅವರು ಬಂದಾಗ ಎರಡೂಮುಕ್ಕಾಲು. ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಅವರು ಅವಳನ್ನು ಆಫೀಸಿನೊಳಗೆ ಕರೆದು ಬಾಗಿಲು ಹಾಕಿದರು. "ಪ್ರೆಶರ್ ಟೆಸ್ಟ್ ಪಾಸಾಗಿದೆ ತಾನೇ? ಇನ್ನೂ ಆರು ವಾಲ್ವು ಕೇಳವ್ರೆ ಅವ್ರು. ನಲವತ್ತು ಜನದ ಅನ್ನ ಕಣಮ್ಮ. ಬರೀ ಅನುಮಾನಕ್ಕೆ ಹೆಂಗೆ ಹೇಳೋದು? ನಾಳೆ ನಿಧಾನಕ್ಕೆ..."

"ನಾಳೆಗೆ ನನ್ನ ಗಂಡ ಇರ್ಬೇಕಲ್ಲ ಸಾರ್!"

ಅವರು ತಲೆ ಹಿಡಿದುಕೊಂಡು ಕೂತರು. ಅಂಗಲಾಚಿದಳು, ಅತ್ತಳು, ಕೊನೆಗೆ ಮೇಜಿನ ಮೇಲಿದ್ದ ಅವರ ಫೋನು ಕಸಿದು ಕಾಕಿನಾಡದ ಆಫೀಸಿಗೆ ತಾನೇ ಮಾಡಿದಳು. ಬಂದಷ್ಟು ತೆಲುಗಿನಲ್ಲಿ, ವಾಲ್ವಿನಲ್ಲಿ ಬಿರುಕಿದೆ, ತಪ್ಪು ನನ್ನದು, ಗ್ಯಾಸ್ ನಿಲ್ಲಿಸಿ, ಜನರನ್ನು ದೂರ ಕಳಿಸಿ ಅಂದಳು. ಆಗ ಮೂರೂಕಾಲು.

ಐದಕ್ಕೆ ಪ್ಲಾಟ್‌ಫಾರ್ಮಿನಿಂದಲೇ ಫೋನು ಬಂತು. ಮಾತಾಡಿದವನು ಕನ್ನಡದವನೇ, ಬಳ್ಳಾರಿ ಕಡೆಯವನು. ಅವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

"ನಿಮ್ಮ ಫೋನಿಂದ ಇಪ್ಪತ್ತೆರಡು ಮಂದಿ ಉಳಿದ್ರು ಮೇಡಂ. ಅಷ್ಟೊತ್ತಿಗೆ ಗ್ಯಾಸ್ ಬಿಟ್ಟಾಗಿತ್ತು, ಮೈಕಲ್ಲಿ ಕೂಗಿ ಎಲ್ರನ್ನೂ ದೂರ ಓಡಿಸಿದ್ವಿ. ನಿಮ್ಮ ಕಂಪನಿ ಫಿಟ್ಟರ್ ಒಬ್ನೇ ವಾಪಸ್ ಹೋಗ್ಬಿಟ್ಟ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಹೋಗಿ ಅದರ ಪಕ್ಕ ನಿಂತ, ಆಗ್ಲೇ ಅದು ಸೀಳ್ತು."

"ಯಾಕೆ ಹೋದ್ರು?" ಎಂದಳು ಶಾಂತಿ.

"ನಕ್ಕ ಮೇಡಂ. ಬಿರುಕು ಇರಕ್ಕೆ ಸಾಧ್ಯನೇ ಇಲ್ಲ ಸಾರ್, ಇದನ್ನ ನೋಡಿ ಪಾಸ್ ಮಾಡಿರೋಳು ನನ್ನ ಹೆಂಡ್ತಿ ಅಂದ."