ರೇಟಕ್ಕ ಮತ್ತು ಒರಟು ಸಿಪ್ಪೆಯ ಸೇಬು

ಹಣ್ಣಿನ ಸಗಟು ಮಾರುಕಟ್ಟೆಯ ಎರಡನೇ ಮಹಡಿಯಲ್ಲಿ, ವರ್ತಕರ ಸಂಘದ ಮೂಲೆ ಕೋಣೆಯಲ್ಲಿ ಕೂತು ಇಪ್ಪತ್ತೊಂಬತ್ತು ವರ್ಷ ಸೇಬಿನ ದರ ಬರೆದವಳಿಗೆ ಜನ ಇಟ್ಟ ಹೆಸರು ರೇಟಕ್ಕ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹಮಾಲರು, ಲಾರಿ ಡ್ರೈವರುಗಳು, ಕೋಲ್ಡ್ ಸ್ಟೋರೇಜಿನ ಮೇಸ್ತ್ರಿ, ಕೊನೆಗೆ ಸಂಘದ ಕಾರ್ಯದರ್ಶಿ ಕೂಡ ಹಾಗೆಯೇ ಕರೆಯುತ್ತಿದ್ದರು. ಮೊದಮೊದಲು ಅವಳು ಮುಖ ಗಂಟಿಕ್ಕಿದ್ದುಂಟು. ಆಮೇಲೆ ಫೋನು ಎತ್ತಿದ ಕೂಡಲೇ ತಾನೇ "ರೇಟಕ್ಕ ಮಾತಾಡ್ತಿರೋದು" ಎನ್ನತೊಡಗಿದಳು.

ಪ್ರತಿ ಸೋಮವಾರ ನಾಲ್ಕು ಪುಟದ ವರದಿ ಹೊರಡಿಸುವುದು ಅವಳ ಕೆಲಸ. ಮೊದಲ ಪುಟದಲ್ಲಿ ಪ್ರಪಂಚದ ಬೆಳೆ: ಯಾವ ದೇಶದಲ್ಲಿ ಹಿಮ ಬಿದ್ದು ಹೂ ಕಪ್ಪಾಯಿತು, ಎಲ್ಲಿ ಹೊಸ ತೋಟಗಳು ಫಲಕ್ಕೆ ಬಂದವು, ಎಷ್ಟು ಪೆಟ್ಟಿಗೆ ಹಡಗು ಹತ್ತಿದೆ. ಎರಡನೆಯದರಲ್ಲಿ ದರ, ಮೂರನೆಯದರಲ್ಲಿ ದಾಸ್ತಾನು. ಕೊನೆಯ ಪುಟದ ಹೆಸರು 'ಗ್ರಾಹಕರ ಒಲವು'. ಜನ ಈಗ ಯಾವ ಬಣ್ಣ ಕೇಳುತ್ತಿದ್ದಾರೆ, ಹುಳಿಯೋ ಸಿಹಿಯೋ, ದೊಡ್ಡದೋ ಸಣ್ಣದೋ ಎಂಬುದನ್ನೆಲ್ಲ ಅಲ್ಲಿ ಬರೆಯುತ್ತಿದ್ದಳು. ಬೆಳೆಗಾರರು ಮೊದಲು ಓದುತ್ತಿದ್ದದ್ದು ಆ ಪುಟವನ್ನೇ.

ಆ ದಿನಗಳಲ್ಲಿ ಅಂಕಿಗಳು ತಾವಾಗಿ ಬರುತ್ತಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಿತ್ತು. ಬಂದರಿನಿಂದ ಫ್ಯಾಕ್ಸು ಬಂದರೆ ಅರ್ಧ ಸಾಲು ಅಳಿಸಿಹೋಗಿರುತ್ತಿತ್ತು. ವರ್ತಕರು ಜೇಬಿನಲ್ಲಿ ಸೇಬು ಇಟ್ಟುಕೊಂಡೇ ಮೆಟ್ಟಿಲು ಹತ್ತಿ ಬಂದು, ಅವಳ ಮೇಜಿನ ಮೇಲೆ ಕೊಯ್ದು, "ತಿಂದು ನೋಡಿ ಬರೀರಿ, ಸುಮ್ನೆ ಬರೀಬೇಡಿ" ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಹೋಳುಗಳು ಫ್ಯಾಕ್ಸ್ ಕಾಗದದ ಮೇಲೆಯೇ ಕಂದುಗಟ್ಟುತ್ತಿದ್ದವು. ಮನೆಗೆ ಹೋದರೆ ಮಗಳು ಅವಳ ತೋಳು ಮೂಸಿ, "ಇವತ್ತು ಹಸಿರು ಸೇಬು" ಎಂದು ಕರಾರುವಾಕ್ಕಾಗಿ ಹೇಳುತ್ತಿದ್ದಳು.

ಈಗ ದರ ನಿಮಿಷಕ್ಕೊಮ್ಮೆ ಎಲ್ಲರ ಫೋನಿಗೂ ಬರುತ್ತದೆ. ಕೆಳಗಿನ ಶೆಡ್ಡಿನಲ್ಲಿ ಒಂದೊಂದು ಸೇಬನ್ನೂ ಯಂತ್ರವೇ ಉರುಳಿಸಿ, ಫೋಟೋ ತೆಗೆದು, ಬಣ್ಣ ಅಳೆದು, ಚೀಟಿ ಅಂಟಿಸಿ ಕಳಿಸುತ್ತದೆ. ಮೆಟ್ಟಿಲು ಹತ್ತಿ ಬರುವವರು ಯಾರೂ ಇಲ್ಲ. ವರ್ಷದ ಕೊನೆಗೆ ವರದಿ ನಿಲ್ಲಿಸುವುದೆಂದು ಸಂಘ ತೀರ್ಮಾನಿಸಿದಾಗ ಕಾರ್ಯದರ್ಶಿ ಒಂದು ಲೋಟ ಟೀ ತಂದು ಅವಳೆದುರು ಇಟ್ಟು, ಮೇಜಿನ ಮೇಲಿನ ಹಳೇ ವರದಿಗಳನ್ನು ಜೋಡಿಸತೊಡಗಿದ. ಅವಳಿಗೆ ಅರ್ಥವಾಯಿತು. ಆ ಮಾತನ್ನು ಅವನು ಬಾಯಿಬಿಟ್ಟು ಹೇಳುವ ಕಷ್ಟ ಬೇಡವೆಂದು ತಾನೇ ಹೇಳಿದಳು: "ಡಿಸೆಂಬರ್ ತನಕ ತಾನೆ? ಸರಿ ಬಿಡಿ."

ಅದಾದ ಎರಡೇ ವಾರಕ್ಕೆ ದೊಡ್ಡ ಅಂಗಡಿಗಳ ಕಂಪನಿಯೊಂದರ ಖರೀದಿಗಾರ್ತಿ ಅವಳನ್ನು ಹುಡುಕಿಕೊಂಡು ಬಂದಳು. ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಮಣ್ಣಿನ ಬಣ್ಣದ, ಆಲೂಗಡ್ಡೆಯ ಸಿಪ್ಪೆ ಹೊದ್ದಂತಿದ್ದ ಒಂದು ಸೇಬು.

"ಬೇರೆ ಕಡೆ ಇದಕ್ಕೆ ಕೆಂಪು ಸೇಬಿನ ಮೂರರಷ್ಟು ರೇಟ್ ಇದೆ. ಜನಕ್ಕೆ ಹೊಳೆಯೋದೆಲ್ಲ ಸಾಕಾಗಿದೆ, ಹಳೇ ರುಚಿ ಬೇಕಂತೆ. ನಮ್ಮ ಕಡೆನೂ ಇಂಥದ್ದೊಂದು ಬೆಳೀತಿತ್ತಂತಲ್ಲ, ಈಗ ಯಾರ ತೋಟದಲ್ಲಿದೆ?"

ರೇಟಕ್ಕ ಫೋನನ್ನು ಕೈಗೆ ತೆಗೆದುಕೊಂಡು ನೋಡಿದಳು. ಬೆಳೆಯುತ್ತಿದ್ದರು, ನಿಜ. ಅದನ್ನು ಎಲ್ಲರೂ ಒರಟ ಎನ್ನುತ್ತಿದ್ದರು. ಊರಾಚೆಯ ಇಳಿಜಾರಿನಲ್ಲಿ ಅವಳ ಸೋದರಮಾವನ ತೋಟದಲ್ಲಿಯೇ ನೂರ ನಲವತ್ತು ಮರಗಳಿದ್ದವು.

ಒರಟನನ್ನು ಕಿತ್ತ ಕೂಡಲೇ ತಿನ್ನುವಂತಿರಲಿಲ್ಲ. ಆಗ ಕಚ್ಚಿದರೆ ಹಲ್ಲು ಚುಳುಗುಟ್ಟುವಷ್ಟು ಹುಳಿ, ಮರದಂಥ ಗಡಸು. ಅತ್ತೆ, ಅಂದರೆ ಸೋದರಮಾವನ ಹೆಂಡತಿ, ಹಣ್ಣುಗಳನ್ನು ಅಟ್ಟದ ಮೇಲೆ ಹುಲ್ಲು ಹಾಸಿ, ಒಂದಕ್ಕೊಂದು ತಾಗದಂತೆ ಸಾಲಾಗಿ ಇಡುತ್ತಿದ್ದಳು. ಎರಡು ತಿಂಗಳು, ಮೂರು ದಿನಕ್ಕೊಮ್ಮೆ, ಒಂದೊಂದನ್ನೂ ಕೈಯಿಂದ ಮಗುಚಿಡಬೇಕು. ಚಳಿ ಬಲಿಯುವ ಹೊತ್ತಿಗೆ ಹಣ್ಣು ಅಜ್ಜಿಯ ಕೆನ್ನೆಯಂತೆ ಸುಕ್ಕಾಗುತ್ತಿತ್ತು. ಆಗ ಅದರೊಳಗೆ ಹುರಿದ ತೆಂಗಿನಕಾಯಿಗೆ ಜೇನು ಸೇರಿದಂಥ ಒಂದು ರುಚಿ ಬರುತ್ತಿತ್ತು. ರಜೆಗೆ ಹೋದ ರೇಟಕ್ಕನನ್ನು ಅತ್ತೆ ಅಟ್ಟಕ್ಕೆ ಹತ್ತಿಸಿ, "ಕಣ್ಮುಚ್ಕೊಂಡು ಮೂಸು, ಯಾವುದು ಕರೆಯುತ್ತೋ ಅದನ್ನ ತಗೊಂಡು ಬಾ" ಎನ್ನುತ್ತಿದ್ದಳು. ಆ ಹುಲ್ಲಿನ ಬಿಸುಪು, ಹಂಚಿನ ಸಂದಿಯಿಂದ ಬೀಳುವ ಬಿಸಿಲಕೋಲು, ಕೆಳಗೆ ಏಣಿ ಹಿಡಿದು ನಿಂತ ಅತ್ತೆಯ ಕೆಮ್ಮು, ಇವೆಲ್ಲ ರೇಟಕ್ಕನಿಗೆ ಇವತ್ತಿಗೂ ನಿನ್ನೆ ಮೊನ್ನೆಯಷ್ಟು ಹತ್ತಿರ.

ಆದರೆ ಆ ಮರಗಳ ಕೊರಳಿಗೆ ಗರಗಸ ಇಟ್ಟವಳು ತಾನೇ ಎಂದು ಅವಳು ನಂಬಿದ್ದಳು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಪ್ರಪಂಚದ ಬೆಳೆ ಒಮ್ಮೆಲೇ ಉಕ್ಕಿತ್ತು. ಹಡಗುಗಟ್ಟಲೆ ಕೆಂಪು ಸೇಬು ಬಂದಿಳಿಯುತ್ತಿತ್ತು. ಊರಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳು ಆಗಷ್ಟೇ ತೆರೆದಿದ್ದವು. ಜನರ ಒಲವು ನೋಡಬೇಕೆಂದು ರೇಟಕ್ಕ ಒಂದು ವಾರ ಅಂಗಡಿಗಳ ಮುಂದೆ ಎರಡು ತಟ್ಟೆ ಇಟ್ಟುಕೊಂಡು ನಿಂತಳು. ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಒರಟ. ನೂರರಲ್ಲಿ ಎಂಬತ್ತೊಂದು ಕೈ ಕೆಂಪಿನತ್ತ ಹೋಯಿತು. ಒರಟನನ್ನು ಕಚ್ಚಿದವರಲ್ಲಿ ಅರ್ಧ ಜನ ಮುಖ ಹಿಂಡಿದರು. ಅವಳು ನಾಲ್ಕನೇ ಪುಟದಲ್ಲಿ ಬರೆದಳು: 'ಒರಟು ಸಿಪ್ಪೆಯ ಸೇಬಿಗೆ ಮುಂದಿನ ದಿನಗಳಲ್ಲಿ ಮಾರುಕಟ್ಟೆ ಇರುವಂತೆ ಕಾಣುವುದಿಲ್ಲ.'

ಸೋದರಸೊಸೆಯ ಬರಹವೆಂದು ಮಾವ ಆ ಪುಟವನ್ನು ನೆರೆಯ ತೋಟದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ್ದನಂತೆ. ಆ ಚಳಿಗಾಲ ಅವಳು ಹೋದಾಗ ಇಳಿಜಾರು ಬೋಳಾಗಿತ್ತು. ಬೊಡ್ಡೆಗಳ ರಾಶಿಯಿಂದ ಹೊಗೆ ಏಳುತ್ತಿತ್ತು. ಮಾವ ಕೈ ಒರೆಸಿಕೊಳ್ಳುತ್ತಾ ಬಂದು, "ನೀನು ಬರೆದಿದ್ದೆಯಲ್ಲ, ಕೆಂಪು ಹಾಕ್ತಿದ್ದೀನಿ" ಎಂದ. ಅದರಲ್ಲಿ ಕೊಂಕಿರಲಿಲ್ಲ.

ಕೆಂಪು ಹತ್ತು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಎಲ್ಲ ದೇಶದವರೂ ಅದನ್ನೇ ಹಾಕಿ, ಎಲ್ಲೆಲ್ಲೂ ಕೆಂಪೇ ಕೆಂಪಾಗಿ ದರ ಕುಸಿಯಿತು. ಮಾವ ಆಗಲೂ ಒಂದು ಮಾತು ಆಡಲಿಲ್ಲ. ಆ ಮೌನವೇ ಅವಳನ್ನು ಚುಚ್ಚುತ್ತಿತ್ತು. ಬೈದಿದ್ದರೆ ಹಗುರಾಗುತ್ತಿದ್ದಳು. ಹೋಗಿ ಬರುವುದು ಕಡಿಮೆಯಾಗುತ್ತಾ, ಕೊನೆಗೆ ಯಾರದಾದರೂ ಮದುವೆ ಮನೆಯಲ್ಲಿ ಕಂಡು ಮಾತಾಡಿಸುವಷ್ಟಕ್ಕೆ ನಿಂತಿತು.

ಖರೀದಿಗಾರ್ತಿಗೆ "ಹುಡುಕಿ ಹೇಳ್ತೀನಿ" ಎಂದು ಕಳಿಸಿ ರೇಟಕ್ಕ ಫೋನು ಹಿಡಿದು ಕೂತಳು. ಗೊತ್ತಿದ್ದ ಬೆಳೆಗಾರರು, ಸಸಿ ಮಾರುವವರು, ಲಾರಿಯವರು, ಒಬ್ಬರನ್ನೂ ಬಿಡಲಿಲ್ಲ. ಕೆಲವರು ನಕ್ಕರು. ಒಬ್ಬ ಮುದುಕ ಬೆಳೆಗಾರ, "ನೀವೇ ತಾನೆ ಬೇಡ ಅಂದಿದ್ದು?" ಎಂದು ಫೋನಿಟ್ಟ. ನಾಲ್ಕನೇ ದಿನ ಕೋಲ್ಡ್ ಸ್ಟೋರೇಜಿನ ಮೇಸ್ತ್ರಿ ತಾನಾಗಿ ಫೋನು ಮಾಡಿದ.

"ರೇಟಕ್ಕ, ಹಳೇ ಪ್ಯಾಕಿಂಗ್ ಶೆಡ್ ಹಿಂದೆ ಲಾರಿ ತೂಕದ ಕಟ್ಟೆ ಇತ್ತಲ್ಲ, ಅದರ ಪಕ್ಕ ಒಂದು ಮರ ಇದೆ. ಯಾವನೋ ಡ್ರೈವರ್ ತಿಂದು ಬಿಸಾಕಿದ ಬೀಜದಿಂದ ಹುಟ್ಟಿದ್ದು. ಹಣ್ಣು ನಿಮ್ಮ ಒರಟನ ಥರಾನೇ ಮಣ್ಣು ಬಣ್ಣ."

ಅದು ಹೌದೋ ಅಲ್ಲವೋ ಎಂದು ಹೇಳಬಲ್ಲ ನಾಲಿಗೆ ಒಂದೇ ಇತ್ತು. ರೇಟಕ್ಕ ಅಳುಕುತ್ತಲೇ ಮಾವನ ಮನೆಗೆ ಹೋದಳು. ಮಾವನಿಗೆ ಎಂಬತ್ತೆರಡು. ಒಂದು ಕಣ್ಣು ಪೂರಾ ಮಂಜಾಗಿತ್ತು. ತೋಟವನ್ನು ಅವನ ಮಗಳು ನೋಡಿಕೊಳ್ಳುತ್ತಿದ್ದಳು. ವಿಷಯ ಕೇಳಿದ ಮುದುಕ ಕೂಡಲೇ ಎದ್ದು, "ನನ್ನ ಕೋಟು ಎಲ್ಲಿಟ್ಟೆ?" ಎಂದು ಮಗಳನ್ನು ಕೇಳಿದ. ಮೂವರೂ ಮಗಳ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು ಹೊರಟರು.

ಶೆಡ್ಡಿನ ತಗಡು ಅರ್ಧ ಕಿತ್ತುಹೋಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ, ಬಿರುಕುಬಿಟ್ಟ ಸಿಮೆಂಟಿನ ಪಕ್ಕ, ಒಂದು ಕಡೆಗೆ ವಾಲಿಕೊಂಡು ಮರ ನಿಂತಿತ್ತು. ಐವತ್ತು ಅರವತ್ತು ಹಣ್ಣಿರಬಹುದು. ಮಗಳು ಒಂದನ್ನು ಕಿತ್ತು ತಂದೆಯ ಕೈಗಿಟ್ಟಳು. ಅವನು ಹೆಬ್ಬೆರಳಿನಿಂದ ಸಿಪ್ಪೆ ಸವರಿದ, ಮೂಸಿದ, ಉಳಿದ ಹಲ್ಲುಗಳ ಕಡೆಗೆ ಹೊರಳಿಸಿ ಕಚ್ಚಿದ. ರೇಟಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಇದು ಅದಲ್ಲ" ಎಂದ ಮಾವ. "ಬೀಜದಿಂದ ಬಂದದ್ದು ತಾಯಿ ಥರ ಇರಲ್ಲ. ಕಸಿ ಕಟ್ಟಿದ್ರೆ ಮಾತ್ರ ಅದೇ ಹಣ್ಣು. ಇದು ಒರಟನ ಮಗಳು ಅನ್ನು. ಅಪ್ಪ ಯಾರೋ ಗೊತ್ತಿಲ್ಲ." ಇನ್ನೊಮ್ಮೆ ಕಚ್ಚಿ, "ಹುಳಿ ಮಾತ್ರ ಅಮ್ಮಂದೇ" ಎಂದು ನಕ್ಕ.

ಆ ನಗು ಕೇಳಿ ರೇಟಕ್ಕ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಅಲ್ಲೇ ಹೇಳಿಬಿಟ್ಟಳು. "ಮಾವ, ನಾನು ಹಾಗೆ ಬರೀದೇ ಇದ್ದಿದ್ರೆ ನೀವು ಆ ಒರಟನ ಮರಗಳನ್ನ ಕಡೀತಿರಲಿಲ್ಲ."

ಮಾವ ತೂಕದ ಕಟ್ಟೆಯ ಮೇಲೆ ಕೂತ. ಬಾಯಲ್ಲಿದ್ದುದನ್ನು ಅಗಿದು ಮುಗಿಸಿದ.

"ಅದನ್ನ ನೀನು ಇಷ್ಟು ದಿನ ಹೊತ್ಕೊಂಡು ತಿರುಗ್ತಿದ್ದೀಯಾ? ನಿಮ್ಮತ್ತೆ ತೀರಿಹೋಗಿದ್ದು ಅದರ ಹಿಂದಿನ ವರ್ಷ. ಆ ಸಲ ಹಣ್ಣು ಬಂತು, ಅಟ್ಟಕ್ಕೆ ಏರಿಸಿದ್ವಿ. ಮಗುಚೋಕೆ ಅಂತ ಏಣಿ ಹತ್ತಿದೆ. ಹುಲ್ಲಲ್ಲಿ ಅವಳು ಮಂಡಿ ಊರ್ತಿದ್ದ ಕಡೆ ತಗ್ಗಾಗಿತ್ತು, ಹಾಗೇ ಇತ್ತು. ಇಳಿದುಬಂದೆ. ಮತ್ತೆ ಹತ್ತಲಿಲ್ಲ. ಹಣ್ಣೆಲ್ಲ ಅಲ್ಲೇ ಕೊಳೀತು." ಅವನು ಕೋಟಿನ ತೋಳಿಂದ ಬಾಯಿ ಒರೆಸಿಕೊಂಡ. "ಮುಂದಿನ ವರ್ಷ ನಿನ್ನ ವರದಿ ಬಂತು. ನನಗೊಂದು ನೆಪ ಬೇಕಿತ್ತು, ಸಿಕ್ತು. ಕೆಂಪು ಸೇಬಿಗೆ ಅಟ್ಟ ಬೇಡವಲ್ಲ."

ಮಗಳು ಬೆನ್ನು ತಿರುಗಿಸಿ ಮರದ ಕೊಂಬೆ ನೋಡುತ್ತಾ ನಿಂತಳು. ರೇಟಕ್ಕ ಕೆಳಗೆ ಕೂತು ಮಾವನ ಮೊಣಕಾಲ ಮೇಲೆ ಕೈಯಿಟ್ಟಳು. ಎಷ್ಟೋ ವರ್ಷದ ಭಾರ ಇಳಿಯಿತು ಎನ್ನುವಷ್ಟರಲ್ಲಿ ಮುದುಕ ಮತ್ತೆ ಬಾಯಿ ತೆರೆದ.

"ಆದ್ರೆ ನೀನು ಬರೆದದ್ದು ಮಾತ್ರ ತಪ್ಪು. ಅವತ್ತೇ ನನಗೆ ಗೊತ್ತಿತ್ತು."

"ಯಾಕೆ ಮಾವ?"

"ಯಾವ ತಿಂಗಳಲ್ಲಿ ತಟ್ಟೆ ಇಟ್ಕೊಂಡು ನಿಂತಿದ್ದೆ?"

ಅವಳು ಲೆಕ್ಕ ಹಾಕಿದಳು. ಹಣ್ಣು ಕೀಳುವ ತಿಂಗಳು. ಮರದಿಂದ ಇಳಿದು ವಾರವೂ ಆಗಿರಲಿಲ್ಲ. ಕಾರ್ಯದರ್ಶಿ ಅವಸರ ಮಾಡಿದ್ದ, ವರದಿ ಸೋಮವಾರಕ್ಕೆ ಬೇಕಿತ್ತು. ಅತ್ತೆಯ ಅಟ್ಟ ಹತ್ತಿ ಬೆಳೆದವಳು, ಒರಟನನ್ನು ಎರಡು ತಿಂಗಳು ಕಾಯಬೇಕೆಂದು ಯಾರಿಗಿಂತಲೂ ಚೆನ್ನಾಗಿ ಬಲ್ಲವಳು, ಹಸಿ ಹಣ್ಣನ್ನು ಜನರ ಬಾಯಿಗೆ ಹಿಡಿದು ಅವರು ಮುಖ ಹಿಂಡಿದ್ದನ್ನು ಎಣಿಸಿದ್ದಳು. ಇಷ್ಟು ವರ್ಷ ಎಷ್ಟೆಲ್ಲ ಕೊರಗಿದ್ದರೂ ಈ ಒಂದು ವಿಷಯ ಅವಳಿಗೆ ಹೊಳೆದೇ ಇರಲಿಲ್ಲ.

"ಆಗಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮರ ಇಟ್ಕೋಬೇಕಾಗ್ತಿತ್ತಲ್ಲ" ಎಂದ ಮಾವ.

ಮೊದಲು ನಕ್ಕವಳು ಮಗಳು. ಆಮೇಲೆ ಮೂವರೂ ಆ ಮುರುಕು ಶೆಡ್ಡಿನ ಹಿಂದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯಾರ ಕಣ್ಣೀರು ಯಾವುದಕ್ಕೆ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಮರುದಿನ ರೇಟಕ್ಕ ಖರೀದಿಗಾರ್ತಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಒರಟ ಇಲ್ಲ. ಅದರ ಮಗಳು ಇದ್ದಾಳೆ, ಒಂದೇ ಮರ. ಹಣ್ಣು ಬೇಕೆಂದರೆ ಈಗ ಕಸಿ ಕಟ್ಟಿ ಮೂರು ನಾಲ್ಕು ವರ್ಷ ಕಾಯಬೇಕು.

"ನಮಗೆ ವಾರಕ್ಕೆ ಕಡಿಮೆ ಅಂದ್ರೂ ಎಂಟುನೂರು ಪೆಟ್ಟಿಗೆ ಬೇಕು. ನಾಲ್ಕು ವರ್ಷಕ್ಕೆ ಜನ ಏನು ಕೇಳ್ತಾರೋ ಯಾರಿಗೆ ಗೊತ್ತು?" ಎಂದಳು ಖರೀದಿಗಾರ್ತಿ. ಅವಳದೇನೂ ತಪ್ಪಿರಲಿಲ್ಲ. ಆ ಪ್ರಶ್ನೆಯ ಮೇಲೆಯೇ ರೇಟಕ್ಕನೂ ಇಪ್ಪತ್ತೊಂಬತ್ತು ವರ್ಷ ಬದುಕಿದ್ದಳು.

ಡಿಸೆಂಬರಿನ ಕೊನೆಯ ವರದಿಯಲ್ಲಿ ಎಂದಿನಂತೆ ಪ್ರಪಂಚದ ಬೆಳೆ, ದರ, ದಾಸ್ತಾನು ಬರೆದಳು. ನಾಲ್ಕನೇ ಪುಟದ ಕೆಳಗೆ ಐದು ಸಾಲಿನ ತಿದ್ದುಪಡಿ ಸೇರಿಸಿದಳು: ಇಂಥ ವರ್ಷದ ಇಂಥ ಸಂಚಿಕೆಯಲ್ಲಿ ಒರಟು ಸಿಪ್ಪೆಯ ಸೇಬನ್ನು ಹಣ್ಣಾಗುವ ಮೊದಲೇ ಜನರಿಗೆ ಕೊಟ್ಟು ಅಭಿಪ್ರಾಯ ಪಡೆಯಲಾಗಿತ್ತು, ಆದ್ದರಿಂದ ಆ ಅಭಿಪ್ರಾಯ ನಿಲ್ಲುವುದಿಲ್ಲ. ಕಾರ್ಯದರ್ಶಿ ಅದನ್ನು ಎರಡು ಸಲ ಓದಿ, "ಇದನ್ನ ಈಗ ಯಾರು ಓದ್ತಾರೆ ರೇಟಕ್ಕ?" ಎಂದ. ಆದರೂ ತೆಗೆಯಲಿಲ್ಲ. ಫೋನಿಟ್ಟಿದ್ದ ಮುದುಕ ಬೆಳೆಗಾರ ಅದನ್ನು ಓದಿದ. ಓದಿದೆನೆಂದಷ್ಟೇ ಹೇಳಲು ರೇಟಕ್ಕನಿಗೆ ಫೋನು ಮಾಡಿದ.

ಚಳಿ ಮುಗಿಯುವ ಹೊತ್ತಿಗೆ ಮಗಳು ಆ ವಾಲಿದ ಮರದಿಂದ ಕಡ್ಡಿ ತಂದು ತೋಟದ ಆರು ಕೆಂಪು ಮರಗಳಿಗೆ ಕಸಿ ಕಟ್ಟಿದಳು. ಮಾವ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕೂತು, ಕಣ್ಣು ಸರಿಯಾಗಿ ಕಾಣದಿದ್ದರೂ ಬೆರಳಿನಿಂದ ಒಂದೊಂದು ಕಟ್ಟನ್ನೂ ಮುಟ್ಟಿ ನೋಡಿ, ಎರಡನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದ. "ನನ್ನ ತಲೆ ತಿನ್ನಬೇಡಿ ಅಪ್ಪ" ಎಂದು ಮಗಳು ಗದರಿದಳು. ಆರರಲ್ಲಿ ನಾಲ್ಕು ಹಿಡಿದವು.

ಈಗ ಸೋಮವಾರಗಳು ಬಿಡುವಾದ್ದರಿಂದ ರೇಟಕ್ಕ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗುತ್ತಾಳೆ. ಮಾವ ಅವಳ ತೋಳು ಹಿಡಿದು ಇಳಿಜಾರು ಇಳಿಯುತ್ತಾನೆ. ನಾಲ್ಕೂ ಮರದ ಬಳಿ ನಿಂತು, ಚಿಗುರು ಎಷ್ಟುದ್ದ ಬಂದಿದೆ ಎಂದು ಅವಳಿಂದ ಹೇಳಿಸಿಕೊಳ್ಳುತ್ತಾನೆ. ಅವಳು ಗೇಣು ಹಾಕಿ ಅಳೆದು ಹೇಳುತ್ತಾಳೆ. ಆಮೇಲೆ ಇಬ್ಬರೂ ಅಲ್ಲೇ ಬಿಸಿಲಿಗೆ ಕೂತು ಅತ್ತೆಯ ಬಗ್ಗೆ ಮಾತಾಡುತ್ತಾರೆ.