ಏಳದ ಹಸಿರು ಗೆರೆ

ಆ ಬೆಳಗ್ಗೆ ಗಾಳಿ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಮಳೆಯಿಲ್ಲ, ಮೋಡವಿಲ್ಲ, ಬರೀ ಗಾಳಿ. ಬೀದಿಯ ಆ ತುದಿಯಿಂದ ಹೊರಟದ್ದು ಒಂದೊಂದೇ ಮನೆಯ ಕಿಟಕಿ ತಟ್ಟಿ, ಯಾರೂ ತೆರೆಯದಿದ್ದರೆ ಗೊಣಗಿಕೊಂಡು ಮುಂದಿನ ಮನೆಗೆ ಹೋಗುತ್ತಿತ್ತು. ಒಣಗಲು ಹಾಕಿದ ಬಟ್ಟೆಗಳು ತಂತಿಯ ಮೇಲೆ ಒಂದರ ಮೈಮೇಲೊಂದು ಬಿದ್ದು ಕಿತ್ತಾಡುತ್ತಿದ್ದವು. ಇಂಥ ಗದ್ದಲದ ಬೆಳಗ್ಗೆಯೇ ದೊಡ್ಡ ಸೊಸೆ ಕಂಪ್ಯೂಟರಿನ ಮುಂದೆ ಕೂತು, ಅದಕ್ಕೆ ತನ್ನ ದನಿ ಯಾವಾಗ ಕೇಳಿಸೀತು ಎಂದು ಕಾಯುತ್ತಿದ್ದಳು.

ಅವಳು ವಕೀಲರ ಕಚೇರಿಯಲ್ಲಿ ಟೈಪಿಸ್ಟು. ವಕೀಲರು ಕೈಯಲ್ಲಿ ಬರೆದುಕೊಟ್ಟದ್ದನ್ನು ಓದಿ ಟೈಪು ಮಾಡುವುದು ಅವಳ ಕೆಲಸ. ಅವರ ಅಕ್ಷರ ಇರುವೆ ಸಾಲು ನೀರಿಗೆ ಬಿದ್ದು ಚದುರಿದ ಹಾಗೆ. ಹೋದ ವಾರ ಬಚ್ಚಲಿನಲ್ಲಿ ಜಾರಿ ಬಿದ್ದು ಅವಳ ಬಲಗೈಯ ಮಣಿಕಟ್ಟು ಮುರಿದಿತ್ತು. ಬೆರಳ ತುದಿಯಿಂದ ಮೊಣಕೈವರೆಗೆ ಪ್ಲಾಸ್ಟರು. ವಕೀಲರು ಒಳ್ಳೆಯವರು. ಒಳ್ಳೆಯವರು ಕೆಟ್ಟ ಸುದ್ದಿಯನ್ನು ಮೆತ್ತಗೆ ಹೇಳುತ್ತಾರೆ.

“ನೋಡಮ್ಮಾ, ಬಾಯಲ್ಲಿ ಹೇಳಿದ್ರೆ ತಾನೇ ಬರ್ಕೊಳ್ಳೋ ಸಾಫ್ಟ್‌ವೇರ್ ಇದೆಯಂತೆ. ಮನೇಲೇ ಕೂತು ಅದ್ರಲ್ಲಿ ಮಾಡಿ ಕಳಿಸು. ಈ ಮಳಿಗೆ ಕರಾರು ನಾಳೆ ಸಂಜೆಯೊಳಗೆ ಬಂತೋ, ನಿನ್ನ ಕುರ್ಚಿ ನಿಂದೇ. ಬರ್ಲಿಲ್ಲ ಅಂದ್ರೆ ಕೈ ಸರಿ ಹೋಗೋ ತನಕ ಬೇರೆ ಯಾರನ್ನಾದ್ರೂ ಕೂರಿಸ್ಬೇಕಾಗುತ್ತೆ. ಏನೂ ಅಂದ್ಕೋಬೇಡ,” ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದರು.

ಹಾಗೆ ‘ತನಕ’ ಎಂದು ಬಂದು ಕೂತವರು ಮತ್ತೆ ಎದ್ದದ್ದನ್ನು ಅವಳು ಆ ಕಚೇರಿಯಲ್ಲಿ ಕಂಡಿರಲಿಲ್ಲ. ಅವಳೇ ಹಾಗೆ ಬಂದು ಕೂತವಳು. ಅವಳಿಗಿಂತ ಮುಂಚಿನವಳು ಬಾಣಂತನಕ್ಕೆಂದು ಹೋಗಿದ್ದಳು. ಆ ಮಗುವಿಗೆ ಈಗ ಮೀಸೆ ಬಂದಿದೆ.

ಅವಳ ಗಂಡ ಮನೆ ಮನೆಗೆ ಹೋಗಿ ನೀರಿನ ಮೀಟರು ಓದುವವನು. ಓದಿದ್ದನ್ನು ನಂಬುವುದು ಅವನ ವೃತ್ತಿಧರ್ಮ. ಅವನು ಹೆಂಡತಿಯ ಹಿಂದೆ ನಿಂತು, ‘ದನಿ ಬರಹ: ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ’ ಎಂಬ ಪುಟವನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು, ಕೋರ್ಟಿನಲ್ಲಿ ಆರೋಪ ಓದುವವನ ಹಾಗೆ ಓದಿದ.

“ಕಂಪ್ಯೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.”

ಮಾಡಿದರು. ಅದು ಆಫ್ ಆಯಿತು, ಆನ್ ಆಯಿತು. ಬೇರೇನೂ ಆಗಲಿಲ್ಲ.

“ಮೈಕ್ ಬಳಸಲು ಅನುಮತಿ ನೀಡಿದ್ದೀರಾ ಎಂದು ಪರಿಶೀಲಿಸಿ.”

ನೋಡಿದರೆ ಅನುಮತಿ ಇರಲಿಲ್ಲ. ಇಲ್ಲದಿರುವುದಷ್ಟೇ ಅಲ್ಲ, ಯಾರೋ ಸ್ಪಷ್ಟವಾಗಿ ‘ಬೇಡ’ ಒತ್ತಿದ್ದರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ.

“ನಾನೇ ಒತ್ತಿದ್ದು,” ಅಂದರು. “ನಿನ್ನೆ ಧೂಳು ಒರೆಸ್ತಿದ್ದೆ. ನಿಮ್ಮ ಮಾತು ಕೇಳಿಸ್ಕೊಳ್ಳಲಾ ಅಂತ ಕೇಳ್ತು. ಬೇಡ ಅಂದೆ.”

“ಅಮ್ಮಾ, ಯಾಕಮ್ಮಾ?”

“ಯಾಕೆ ಅಂದ್ರೆ? ಗುರುತು ಪರಿಚಯ ಇಲ್ದೋರು ಬಂದು ಮನೆ ಮಾತು ಕೇಳ್ತೀನಿ ಅಂದ್ರೆ ಬಾರಪ್ಪ ಕೂತ್ಕೋ ಅನ್ನೋಕಾಗುತ್ತಾ? ಅದಾದ್ರೂ ಮರ್ಯಾದಸ್ತ, ಕೇಳಿ ಹೋಯ್ತು. ಜನ ಕೇಳೋದೂ ಇಲ್ಲ.”

ಅನುಮತಿ ಕೊಟ್ಟದ್ದಾಯಿತು. ದೊಡ್ಡ ಸೊಸೆ ಹೆಡ್‌ಫೋನು ಏರಿಸಿಕೊಂಡು, ವಕೀಲರ ಹಾಳೆ ನೋಡಿ ಹೇಳಿದಳು: “ಮಳಿಗೆ ಬಾಡಿಗೆ ಕರಾರು ಪತ್ರ.” ಪರದೆ ಬೆಳ್ಳಗೆ ಹಾಲು ಬಳಿದಂತೆ ಇತ್ತು, ಹಾಗೇ ಉಳಿಯಿತು.

“ಸರಿಯಾದ ಮೈಕನ್ನು ಆಯ್ಕೆ ಮಾಡಿದ್ದೀರಾ ಎಂದು ನೋಡಿ,” ಗಂಡ ಮುಂದೆ ಓದಿದ.

ಕಂಪ್ಯೂಟರು ಹೆಡ್‌ಫೋನಿನ ಮೈಕನ್ನು ಬಿಟ್ಟು, ತನ್ನ ನೆತ್ತಿಯ ಮೇಲೆ ಕೂತಿದ್ದ ಕ್ಯಾಮೆರಾದ ಮೈಕಿಗೆ ಕಿವಿ ಕೊಟ್ಟಿತ್ತು. ಆ ಕ್ಯಾಮೆರಾಕ್ಕೆ ಅತ್ತೆ ಉಲ್ಲನ್ನಿನ ಟೋಪಿ ಹೆಣೆದು ತೊಡಿಸಿದ್ದರು. ಆ ಮನೆಯಲ್ಲಿ ಹೊದಿಕೆ ಇಲ್ಲದ ವಸ್ತು ಇರಲಿಲ್ಲ. ರಿಮೋಟಿಗೆ ಪ್ಲಾಸ್ಟಿಕ್ಕು, ಮಿಕ್ಸಿಗೆ ಬಟ್ಟೆಯ ಅಂಗಿ, ಸೋಫಾಕ್ಕೆ ಒಂದು ಕವರು, ಆ ಕವರು ಕೊಳೆಯಾಗದಿರಲೆಂದು ಮೇಲೊಂದು ಕವರು. ಹೊದಿಕೆಯಿಲ್ಲದ್ದು ಅತ್ತೆಯ ಕಣ್ಣಿಗೆ ಬರಿಮೈಯಲ್ಲಿ ನಿಂತ ಹಾಗೆ ಕಾಣುತ್ತಿತ್ತು. ದೇವರು ಲೋಕವನ್ನು ಮಾಡಿದವನು ಆಕಾಶ ಹೊದಿಸಿದ್ದೂ ಧೂಳು ಕೂರಬಾರದೆಂದೇ, ಎಂಬುದು ಅವರ ನಂಬಿಕೆ. ತಪ್ಪೆಂದು ಹೇಳಲು ಯಾರ ಬಳಿಯೂ ಪುರಾವೆ ಇಲ್ಲ.

ಮೈಕು ಬದಲಿಸಿದರು. ಆದರೂ ಪರದೆ ಬೆಳ್ಳಗೆ. ಕೊನೆಗೆ ಗಂಡ ಹೆಡ್‌ಫೋನನ್ನೇ ಕೈಗೆತ್ತಿಕೊಂಡು ಕನ್ನಡಕ ಸರಿಮಾಡಿ ನೋಡಿದ. ಬಾಯಿಯ ಹತ್ತಿರ ಬರುವ ಆ ಪುಟ್ಟ ಮೈಕಿನ ಮೂತಿಗೆ ಪ್ಲಾಸ್ಟಿಕ್ ಚೀಲದ ತುಂಡು ಸುತ್ತಿ, ರಬ್ಬರ್ ಬ್ಯಾಂಡು ಬಿಗಿದಿತ್ತು.

ಇಬ್ಬರೂ ಅತ್ತೆಯ ಕಡೆ ತಿರುಗಿದರು.

“ಎಂಜಲು ಬೀಳಲ್ವಾ?” ಅಂದರು ಅತ್ತೆ ತಾವಾಗಿಯೇ.

ಚೀಲ ಬಿಚ್ಚಿದ ಕೂಡಲೇ ಪರದೆಯ ಮೇಲೆ ಅಕ್ಷರ ಮೂಡಿತು. ಮೂವರೂ ಬಗ್ಗಿ ನೋಡಿದರು. ‘ಹಾ ಹಾ ಹಾ ಹಾ’ ಎಂದಿತ್ತು. ಯಾರೂ ಬಾಯಿ ತೆರೆದಿರಲಿಲ್ಲ. ಅರೆತೆರೆದ ಕಿಟಕಿಯಿಂದ ನುಗ್ಗಿದ ಗಾಳಿಯನ್ನು ಯಂತ್ರ ಬರೆದುಕೊಳ್ಳುತ್ತಿತ್ತು.

“ಎಷ್ಟು ಚೆನ್ನಾಗಿ ನಗ್ತಿದೆ ನೋಡು,” ಅಂದ ಗಂಡ. ಅವನು ಕಿಟಕಿ ಮುಚ್ಚಿ ಸಂದಿಗೆ ಟವೆಲ್ಲು ತುರುಕಿದ. ನಗು ನಿಂತಿತು. ಅವನ ಕೆಲಸದ ಹೊತ್ತೂ ಆಗಿತ್ತು. “ಇನ್ನು ನೀನುಂಟು ಅದುಂಟು,” ಎಂದು ಹೇಳಿ ಮೀಟರು ಓದಲು ಹೊರಟುಹೋದ.

ಈಗ ಉಳಿದದ್ದು ಒಂದೇ ತೊಂದರೆ. ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ ಇತ್ತು. ದನಿ ಕೇಳಿಸಿದರೆ ಅದು ಏಳಬೇಕು, ಎದ್ದರೆ ಅಕ್ಷರ ಬರಬೇಕು. ದೊಡ್ಡ ಸೊಸೆ ಮಾತಾಡಿದಳು. ಗೆರೆ ಏಳಲಿಲ್ಲ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಗೆ ಒಂದಿಷ್ಟು ಅಲುಗಿ ಮತ್ತೆ ಮಲಗಿತು. ಪುಟದ ಕೊನೆಯ ಸಲಹೆ ಅವಳಿಗೆ ಬಾಯಿಪಾಠವಾಗಿತ್ತು: ‘ಎಂದಿನ ಸಹಜ ದನಿಯಲ್ಲಿ, ಸ್ಪಷ್ಟವಾಗಿ ಮಾತಾಡಿ.’

ತೊಂದರೆಯಿದ್ದದ್ದು ಅಲ್ಲೇ. ಅವಳಾಡುತ್ತಿದ್ದದ್ದು ಸಹಜ ದನಿಯಲ್ಲ.

ಅವಳ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಇದ್ದದ್ದು ತೆಳ್ಳನೆಯ ಹಲಗೆಯ ಗೋಡೆ, ಅದರಲ್ಲೊಂದು ಬಾಗಿಲು. ಆ ಕಡೆ ಅವಳ ವಾರಗಿತ್ತಿ, ಎಂದರೆ ಮನೆಯ ಚಿಕ್ಕ ಸೊಸೆ, ಕಂಪ್ಯೂಟರಿನಲ್ಲೇ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಹೋದ ವರ್ಷ ಒಂದು ದಿನ ಪಾಠ ನಡೆಯುತ್ತಿದ್ದಾಗ ದೊಡ್ಡ ಸೊಸೆ ಅಡುಗೆಮನೆಯಿಂದ ಅತ್ತೆಯನ್ನು ಕೂಗಿದಳು. ಆಗ ಅವಳದು ಕಂಚಿನ ಕಂಠ. ಬಾವಿಯ ತಳಕ್ಕೂ ಹೋಗಿ ಉತ್ತರ ತರುವ ದನಿ. ಆ ಕಡೆ ಮಕ್ಕಳೆಲ್ಲ ಕಿಸಕ್ಕೆಂದರು. ಒಬ್ಬ ಅವಳ ಹಾಗೇ ಕೂಗಿ ತೋರಿಸಿದ. ಚಿಕ್ಕ ಸೊಸೆ ನಗುತ್ತ ಅಂದಳು: “ಅದು ನಮ್ಮಕ್ಕ. ಅವ್ರಿಗೆ ಮೆಲ್ಲಗೆ ಮಾತಾಡೋಕೇ ಬರಲ್ಲ, ಒಬ್ರಿಗೆ ಹೇಳಿದ್ದು ಊರಿಗೆಲ್ಲ ಕೇಳ್ಬೇಕು ಅವ್ರಿಗೆ.”

ಹಲಗೆಯ ಗೋಡೆ ಎರಡೂ ಕಡೆಗೆ ನ್ಯಾಯವಾಗಿ ಕೇಳಿಸುತ್ತದೆ. ದೊಡ್ಡ ಸೊಸೆ ಜಗಳವಾಡಲಿಲ್ಲ, ಅಳಲಿಲ್ಲ. ಅವತ್ತಿನಿಂದ ದನಿ ಇಳಿಸಿದಳು. ಎಷ್ಟು ಇಳಿಸಿದಳೆಂದರೆ ಗಂಡ ತನ್ನ ಕಿವಿ ತೋರಿಸಿಕೊಂಡು ಬಂದ. ಡಾಕ್ಟರು ಕಿವಿ ಸರಿಯಾಗಿದೆ ಅಂದರು. ಚಿಕ್ಕವಳ ಜೊತೆ ಮಾತು ನಿಲ್ಲಿಸಿದಳು. ಚಿಕ್ಕವಳಿಗೆ ಕಾರಣ ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಳ್ಳಲು ಅವಳೂ ಸಿದ್ಧಳಿರಲಿಲ್ಲ. ಹೇಳಬೇಕಾದ್ದಿದ್ದರೆ ಇಬ್ಬರೂ ಅತ್ತೆಗೆ ಹೇಳುತ್ತಿದ್ದರು. ಅತ್ತೆ ಅದನ್ನು ತಲುಪಿಸುತ್ತಿದ್ದರು, ಕೆಲವೊಮ್ಮೆ ಸ್ವಂತದ್ದೊಂದಿಷ್ಟು ಬೆರೆಸಿ.

ಪಿಸುಮಾತನ್ನು ಕೇಳಿಸಿಕೊಳ್ಳುವವನು ಮೇಲೆ ಒಬ್ಬನಿದ್ದಾನೆ. ಅವನು ಈ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಮಧ್ಯಾಹ್ನ ಹತ್ತಿರವಾಗುತ್ತಿತ್ತು, ಕರಾರಿನ ತಲೆಬರಹವೂ ಪೂರ್ತಿಯಾಗಿರಲಿಲ್ಲ. ದೊಡ್ಡ ಸೊಸೆ ಮೈಕನ್ನು ಮೂಗಿಗೆ ತಾಗಿಸಿ ನೋಡಿದಳು, ಹಲ್ಲಿಗೆ ತಾಗಿಸಿ ನೋಡಿದಳು. ಎಡಗೈಯ ಒಂದೇ ಬೆರಳಲ್ಲಿ ಕುಟ್ಟಿ ನೋಡಿದಳು. ಆ ವೇಗದಲ್ಲಿ ಹೋದರೆ ಕರಾರು ಮುಗಿಯುವ ಮುಂಚೆ ಬಾಡಿಗೆದಾರನ ಅವಧಿ ಮುಗಿಯುತ್ತಿತ್ತು. ಕಣ್ಣು ಮುಚ್ಚಿ, ‘ಅಪ್ಪಾ, ಕುರ್ಚಿ ಉಳಿಸು’ ಎಂದಳು, ಅದನ್ನೂ ಮೆಲ್ಲಗೇ.

ನಡುವಿನ ಬಾಗಿಲು ತೆರೆಯಿತು. ಚಿಕ್ಕ ಸೊಸೆ ಒಳಗೆ ಬಂದವಳು ನೇರ ಅತ್ತೆಯ ಕಡೆ ತಿರುಗಿ ನಿಂತಳು.

“ಅತ್ತೆ, ಮೈಕು ಬಾಯಿಗೆ ಅಷ್ಟು ಹತ್ತಿರ ಇಟ್ರೆ ಉಸಿರು ಹೊಡೆಯುತ್ತೆ, ಎರಡು ಬೆರಳು ದೂರ ಇರ್ಬೇಕು ಅಂತ ಅವ್ರಿಗೆ ಹೇಳಿ.”

ಹಸಿರು ಗೆರೆ ಧಿಗ್ಗನೆ ಎದ್ದು ನಿಂತಿತು. ಮಳಿಗೆ ಕರಾರಿನ ಮೊದಲ ಷರತ್ತಾಗಿ ಆ ಮಾತು ಪೂರ್ತಿ, ‘ಅತ್ತೆ’ಯಿಂದ ‘ಹೇಳಿ’ಯವರೆಗೆ, ಪರದೆಯ ಮೇಲೆ ಬಂದು ಕೂತಿತು.

ದೊಡ್ಡ ಸೊಸೆ ಓದಿದಳು. ಮೈಕನ್ನು ಎರಡು ಬೆರಳು ದೂರ ಇಟ್ಟಳು. ಆಮೇಲೆ ಅತ್ತೆಗೆ ಹೇಳಿದಳು, “ಇಟ್ಟೆ ಅಂತ ಹೇಳಿ.” ಗೆರೆ ಅಲುಗಲಿಲ್ಲ.

“ಇಟ್ಲಂತೆ,” ಅಂದರು ಅತ್ತೆ. ಅದು ಬರೆದುಕೊಂಡಿತು.

“ದನಿ ಸಾಲ್ದು ಅಂತ ಹೇಳಿ,” ಅಂದಳು ಚಿಕ್ಕವಳು.

“ಸಾಲ್ದಂತೆ.”

“ಗೊತ್ತಿದೆ ಅಂತ ಹೇಳಿ.”

“ನೋಡ್ರೇ,” ಅಂದರು ಅತ್ತೆ, ಬೆಳ್ಳುಳ್ಳಿಯ ತಟ್ಟೆ ಕೆಳಗಿಟ್ಟು. “ಇಷ್ಟು ದಿನ ನಿಮ್ಮಿಬ್ಬರ ನಡುವೆ ಟಪಾಲು ಹಂಚಿ ನಂಗೆ ಸಾಕಾಗಿದೆ. ಈಗ ಬರ್ಕೊಳ್ಳೋಕೆ ಅದೊಂದಿದೆಯಲ್ಲ, ಅದಕ್ಕೇ ಹೇಳ್ಕೊಳ್ಳಿ. ಅಯ್ಯೋ, ಹಾಲು ಉಕ್ತಿದೆ!” ಎಂದು ಅಡುಗೆಮನೆಗೆ ಓಡಿದರು. ಯಂತ್ರ ಹಾಲನ್ನೂ ಬಿಡಲಿಲ್ಲ.

ಕೋಣೆಯಲ್ಲಿ ವಾರಗಿತ್ತಿಯರು ಇಬ್ಬರೇ ಉಳಿದರು. ಚಿಕ್ಕವಳು ಪರದೆ ನೋಡಿದಳು, ಪ್ಲಾಸ್ಟರು ಹಾಕಿದ ಕೈ ನೋಡಿದಳು, ಕಿಟಕಿಗೆ ತುರುಕಿದ ಟವೆಲ್ಲು ನೋಡಿದಳು. ನೋಡಲು ಬೇರೇನೂ ಉಳಿಯದಿದ್ದಾಗ ಅಂದಳು:

“ನಾನು ಓದಿ ಹೇಳ್ಲಾ? ನನ್ನ ದನಿ ಅದಕ್ಕೆ ಕೇಳಿಸುತ್ತೆ.”

ದೊಡ್ಡವಳು ವಕೀಲರ ಹಾಳೆಯನ್ನು ಅವಳ ಮುಂದೆ ಹಿಡಿದಳು. ಚಿಕ್ಕವಳು ಅದನ್ನು ನೇರವಾಗಿ ಹಿಡಿದು ನೋಡಿದಳು, ತಲೆಕೆಳಗು ಮಾಡಿ ನೋಡಿದಳು.

“ಇದ್ರಲ್ಲಿ ಮೇಲ್ಗಡೆ ಯಾವುದು?”

“ಈ ಕಡೆ,” ಅಂದಳು ದೊಡ್ಡವಳು. ವರ್ಷವಾದ ಮೇಲೆ ಅವಳು ಚಿಕ್ಕವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಚಿಕ್ಕವಳು ಹಾಳೆ ವಾಪಸು ಕೊಟ್ಟಳು. ಆಮೇಲೆ ತನ್ನ ಕೋಣೆಗೆ ಹೋದಳು. ಹಲಗೆಯ ಆಚೆಯಿಂದ ಅವಳು ಮಕ್ಕಳಿಗೆ ಹೇಳುವುದು ಕೇಳಿಸಿತು: “ಇವತ್ತಿನ ಪಾಠ ಸಂಜೆಗೆ ಹೋಯ್ತು. ಹೂಂ, ಎಲ್ಲಾರ್ಗೂ. ಖುಷಿ ಪಡ್ಬೇಡಿ, ಹೋಂವರ್ಕ್ ಇದೆ.” ಮತ್ತೆ ಬಾಗಿಲಲ್ಲಿ ಮುಖ ಹಾಕಿದಳು.

“ಪಾಠ ಇಲ್ಲ ಈಗ. ಆ ಕಡೆ ಯಾರೂ ಕೇಳೋರಿಲ್ಲ. ಗಟ್ಟಿಯಾಗಿ ಹೇಳಿ ಅಕ್ಕಾ.”

ಬಾಗಿಲು ಮುಚ್ಚಿತು. ದೊಡ್ಡ ಸೊಸೆ ಗಂಟಲು ಸರಿಮಾಡಿಕೊಂಡಳು. ಪರದೆಯ ಮೇಲಿದ್ದ ಮನೆಮಾತನ್ನೆಲ್ಲ ಎಡಗೈಯಲ್ಲಿ ಅಳಿಸಿದಳು. ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯ ಕೀಲಿನ ಹಾಗೆ ಮೊದಲ ಮಾತು ಕಿರ್ ಎಂದಿತು. ಎರಡನೆಯದು ಸರಾಗವಾಯಿತು. “ಸದರಿ ಮಳಿಗೆಯ ಉತ್ತರಕ್ಕೆ ಸಾರ್ವಜನಿಕ ರಸ್ತೆ ಪೂರ್ಣವಿರಾಮ” ಎನ್ನುವಾಗ ಹಸಿರು ಗೆರೆ ತುದಿಯವರೆಗೆ ಎದ್ದು ನಿಂತಿತು. ಅಡುಗೆಮನೆಯಲ್ಲಿ ಅತ್ತೆ ಹಾಲಿನ ಪಾತ್ರೆ ಹಿಡಿದವರು ಹಾಗೇ ನಿಂತು, “ಬಂತಾ,” ಎಂದರು, ಪಾತ್ರೆಗೆ. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಉತ್ತರಕ್ಕಿದ್ದ ಸಾರ್ವಜನಿಕ ರಸ್ತೆಯನ್ನು ಕೇಳಿ ಒಮ್ಮೆ ತಿರುಗಿ ನೋಡಿದರು.

ಬೆಳಕಿರುವಾಗಲೇ ಕರಾರು ಹೋಯಿತು. ವಕೀಲರಿಂದ ಫೋನು ಬಂತು.

“ಬಂತಮ್ಮಾ, ಚೆನ್ನಾಗಿದೆ. ಕುರ್ಚಿ ಬಗ್ಗೆ ಯೋಚ್ನೆ ಬಿಡು. ನಾಳೆಗೆ ಇನ್ನೊಂದು ಕಳಿಸ್ತೀನಿ. ಅಂದ ಹಾಗೆ, ಕೊನೇ ಷರತ್ತು ‘ಇನ್ನೊಂದ್ಸಲ ಕಾಯಿಸಿ ಮುಚ್ಚಿಡು’ ಅಂತಿದೆ. ಅದು ಬಾಡಿಗೆದಾರ ಮಾಡ್ಬೇಕಾದ್ದಾ, ಮಾಲೀಕರಾ?”

“ನಮ್ಮತ್ತೆ ಸರ್,” ಅಂದಳು ಅವಳು. “ಅದು ತೆಗೀತೀನಿ.”

ಮರುದಿನ ಗಾಳಿ ತಣ್ಣಗಾಗಿತ್ತು. ಪಾಠವನ್ನು ದಿನವೂ ಸಂಜೆಗೆ ತಳ್ಳಲು ಆಗುವುದಿಲ್ಲ, ಕರಾರನ್ನೂ ಅಷ್ಟೇ. ಹಲಗೆಯ ಆ ಕಡೆ ಭಿನ್ನರಾಶಿ ಶುರುವಾಯಿತು, ಈ ಕಡೆ ಗೋದಾಮಿನ ಬಾಡಿಗೆ. ಆ ಕಡೆ ಮಕ್ಕಳಿದ್ದಾರೆ ಎಂದು ನೆನಪಾದದ್ದೇ ದೊಡ್ಡ ಸೊಸೆಯ ದನಿ ತಾನಾಗಿ ಇಳಿಯಿತು. ಹಸಿರು ಗೆರೆ ಮಲಗಿತು. ಅವಳು ಅದನ್ನೇ ನೋಡಿದಳು. ಕುರ್ಚಿಯನ್ನು ನೆನೆದಳು, ದೇವರನ್ನೂ ನೆನೆದಳು, ಉಸಿರು ಎಳೆದುಕೊಂಡು, “ಸದರಿ ಗೋದಾಮಿನ ಪೂರ್ವಕ್ಕೆ,” ಎಂದಳು, ತನ್ನ ಕಂಚಿನ ಕಂಠದಲ್ಲೇ.

ಆ ಕಡೆ ಕಿಸಕ್ಕೆಂದ ಸದ್ದು. ಒಂದು ಮಗು ಕೇಳಿತು, “ಮಿಸ್, ಯಾರದು? ಆವತ್ತು ಕೂಗಿದ್ರಲ್ಲ, ಅವ್ರೇ ಅಲ್ವಾ?”

ದೊಡ್ಡ ಸೊಸೆ ಬಾಯಿ ಮುಚ್ಚಿದಳು. ಯಂತ್ರ ಕಾಯುತ್ತಿತ್ತು.

“ಅವ್ರೇ,” ಅಂದಳು ಚಿಕ್ಕ ಸೊಸೆ. ಅವಳು ದನಿ ಎತ್ತಲಿಲ್ಲ, ಇಳಿಸಲೂ ಇಲ್ಲ. ಲೆಕ್ಕ ಹೇಳಿಕೊಡುವ ಅದೇ ದನಿ. “ಅದು ನಮ್ಮಕ್ಕ. ಕೆಲಸ ಮಾಡ್ತಿದ್ದಾರೆ. ಆವತ್ತು ನಿಮ್ಮ ಮುಂದೆ ಅವ್ರ ಬಗ್ಗೆ ನಾನು ಒಂದು ಮಾತು ಹೇಳಿದ್ದೆ, ಅದು ತಪ್ಪು. ಅದನ್ನ ಅಳಿಸ್ಬಿಡಿ. ಅವ್ರ ದನಿ ಇರೋದೇ ಹಾಗೆ, ಚೆನ್ನಾಗಿದೆ. ಈಗ ಮುಂದಿನ ಲೆಕ್ಕ ತೆಗೀರಿ.”