ಹಿಂದಿನ ಬಲಚಕ್ರದ ಮೇಲೆ ಕೂತವನು

ಡೈನೊ ಯಂತ್ರ ನನ್ನದು. ಗಾಡಿಯ ಹಿಂದಿನ ಚಕ್ರಗಳನ್ನು ದಪ್ಪ ಉರುಳೆಗಳ ಮೇಲೆ ನಿಲ್ಲಿಸಿ, ಪಟ್ಟಿಗಳಿಂದ ಬಿಗಿದು, ಪೆಡಲನ್ನು ಪೂರ್ತಿ ಒತ್ತಿಸುತ್ತೇನೆ. ಗಾಡಿ ನಿಂತಲ್ಲೇ ಓಡುತ್ತದೆ. ಇಂಜಿನ್ನಿಗೆ ಎಷ್ಟು ಕುದುರೆಗಳ ಬಲವಿದೆ ಎಂದು ಪರದೆ ಹೇಳುತ್ತದೆ. ನಮ್ಮೂರು ರಾಚಬುರಿಯ ಗಂಡಸರು ಹೆಂಡತಿಯ ಮಾತು ನಂಬದಿದ್ದರೂ ನನ್ನ ಪರದೆಯನ್ನು ನಂಬುತ್ತಾರೆ.

ಆ ಭಾನುವಾರ ಸಂತೆ ಮೈದಾನದ ಪ್ರದರ್ಶನಕ್ಕೆ ಪ್ರಯೂನನೂ ಬಂದಿದ್ದ, ತುಯ್‌ನೂ ಬಂದಿದ್ದ. ಮೊದಲು ಇಬ್ಬರದೂ ಒಂದೇ ಗ್ಯಾರೇಜು, ಹೆಸರು 'ಜೋಡಿ ಗೆಳೆಯರು'. ಯಾವ ಮಾತಿಗೆ ಮುರಿಯಿತೋ, ಕೇಳಿದರೆ ಇಬ್ಬರೂ ಬೇರೆ ಬೇರೆ ಕಥೆ ಹೇಳುತ್ತಾರೆ. ಪ್ರಯೂನ್ ಹಳೆಯ ಷೆಡ್ಡು, ಹಳೆಯ ಪಿಕಪ್ ಉಳಿಸಿಕೊಂಡ. ತುಯ್ ಹೆದ್ದಾರಿಯ ಪಕ್ಕ ಹೊಸ ಷೆಡ್ಡು ಹಾಕಿ ಅದೇ ಹೆಸರಿನ ಬೋರ್ಡು ಏರಿಸಿದ. ಜಗಳ ವಿಪರೀತಕ್ಕೆ ಹೋದಾಗ ನನ್ನೆದುರೇ ಮಾತಾಯಿತು: ಯಾರ ಗಾಡಿ ಹೆಚ್ಚು ಕುದುರೆ ತೋರಿಸುತ್ತದೋ ಹೆಸರು ಅವರದು. ಸೋತವನು ತನ್ನ ಗಾಡಿಯ ಗಾಜಿನ ಮೇಲಿನ ಆ ಹೆಸರನ್ನು ಅಲ್ಲೇ ಕೆರೆದು ಹೋಗಬೇಕು.

ತುಯ್‌ನ ಗಾಡಿ ಐನೂರ ಇಪ್ಪತ್ತನಾಲ್ಕು ತೋರಿಸಿತು.

ಪ್ರಯೂನ್ ತನ್ನ ಗಾಡಿಯನ್ನು ಕಾಯುವ ತಾಯಿದೇವತೆಗೆ ಮಲ್ಲಿಗೆ ಹಾರ ಕಟ್ಟಿ, ಕೈಮುಗಿದು ಒಳಗೆ ಕೂತ. ಮೊದಲ ಸಲ ಟೈರು ಉರುಳೆಯ ಮೇಲೆ ಜಾರಿತು. ಎರಡನೇ ಸಲವೂ ಜಾರಿತು. ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಟರ್ಬೊ ಒಮ್ಮೆಲೇ ರೊಚ್ಚಿಗೆದ್ದರೆ ಬಲವೆಲ್ಲ ಹೊಗೆಯಾಗಿ ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಗ್ಯಾರೇಜಿನವರು ಹಿಂದೆ ಹತ್ತಿ ಕೂರುತ್ತಾರೆ, ಶಬ್ದ ಬದಲಾಗುವ ಹೊತ್ತಿಗೆ ಸರಿಯಾಗಿ ಮೈಭಾರ ಕೆಳಕ್ಕೆ ಹಾಕುತ್ತಾರೆ. ಒಟ್ಟಿಗಿದ್ದಾಗ ಬಲಚಕ್ರದ ಮೇಲಿನ ಜಾಗ ತುಯ್‌ನದೇ. ಅವನ ಮೈಗೆ ಎರಡು ಅಂಗಿ ಸೇರಿಸಿ ಹೊಲಿಯಬೇಕು. ಈಗ ಆ ಜಾಗದಲ್ಲಿ ಪ್ರಯೂನ್ ಅಕ್ಕಿ ಮೂಟೆಗಳನ್ನಿಟ್ಟಿದ್ದ. ಪಕ್ಕದಲ್ಲಿ ಇಬ್ಬರು ನರಪೇತಲ ಕೆಲಸಗಾರರು ಕೂತಿದ್ದರು.

"ಇನ್ನೊಂದೇ ಸಲ ಪ್ರಯೂನ್!" ಎಂದ ಮೈಕಿನವನು. "ಆ ಅಕ್ಕಿನಾದ್ರೂ ಬೇಯಿಸಿ ತಿನ್ಸಪ್ಪಾ ಹುಡುಗ್ರಿಗೆ, ದಪ್ಪ ಆಗ್ಲಿ!"

ಜನ ಬಿದ್ದು ಬಿದ್ದು ನಕ್ಕರು. ತುಯ್ ನಗಲಿಲ್ಲ. ಕೈಯಲ್ಲಿದ್ದ ಸುಟ್ಟ ಕೋಳಿಯ ಕಾಲನ್ನು ಯಾರಿಗೋ ಕೊಟ್ಟು, ಹಿಂದಿನಿಂದ ಬಂದು, ಒಂದು ಮೂಟೆಯನ್ನು ಕೆಳಕ್ಕೆಳೆದು ಹಾಕಿ ತಾನೇ ಹತ್ತಿ ಕೂತ. ಗಾಡಿ ಒಂದು ಕಡೆಗೆ ಕುಸಿಯಿತು.

"ಏಯ್, ತಲೆ ಕೆಟ್ಟಿದ್ಯೇನೋ ನಿಂಗೆ? ಇದು ಗೆದ್ರೆ ಹೋಗೋದು ನಿನ್ನ ಹೆಸ್ರು," ಎಂದೆ.

"ಆ ಇಂಜಿನ್ ನಾವಿಬ್ರೂ ಕೂತು ಕಟ್ಟಿದ್ದು ಕಣಕ್ಕ. ಅದು ಹಾಗೆ ಜಾರ್ತಾ ಒದ್ದಾಡೋದು ಕೇಳೋಕಾಗಲ್ಲ."

ಹಿಂದೆ ಹೊಸಬರು ಹತ್ತಿದರೆ ಓಡಿಸುವವನ ಒಪ್ಪಿಗೆ ಕೇಳುವುದು ನನ್ನ ಪದ್ಧತಿ. ಕಿಟಕಿಗೆ ಬಗ್ಗಿ ಕೇಳಿದೆ. ಪ್ರಯೂನ್ ಕನ್ನಡಿಯತ್ತ ಕಣ್ಣೆತ್ತಿದ. ಕನ್ನಡಿಯ ತುಂಬ ತುಯ್‌ನ ಬೆನ್ನು. ಸ್ವಲ್ಪ ಹೊತ್ತು ನೋಡಿ ಕಣ್ಣು ಇಳಿಸಿದ.

"ಒಪ್ಪಿಗೆ ಇದೆ. ಶುರು ಮಾಡಕ್ಕ."

ಇಂಜಿನ್ ಕೂಗಿತು, ಕರಿಹೊಗೆ ಎದ್ದಿತು, ತುಯ್ ಮೈಯನ್ನೆಲ್ಲ ಬಲಕ್ಕೆ ಹಾಕಿದ. ಟೈರು ಕಚ್ಚಿಕೊಂಡಿತು. ಐನೂರ ನಲವತ್ತೊಂದು.

ಹುಡುಗರು ಪ್ರಯೂನನನ್ನು ಹೆಗಲ ಮೇಲೆ ಹೊತ್ತರು. ಮೈಕಿನವನು ಗುಟ್ಟೇನೆಂದು ಕೇಳಿದ.

"ಗುಟ್ಟೇನಿಲ್ಲ. ನನ್ನ ಹುಡುಗ್ರು ಹಿಂದೆ ಕೂತಿದ್ರು, ಅಷ್ಟೇ," ಎಂದ ಪ್ರಯೂನ್. ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ನನಗೆ ಅವನ ಮೇಲೆ ಅಸಹ್ಯ ಹುಟ್ಟಿತು; ಆದರೂ ಹಲಗೆಯ ಮೇಲೆ ಅವನ ಹೆಸರನ್ನೇ ಬರೆದೆ. ಅದು ನನ್ನ ಕೆಲಸ.

ತುಯ್ ಮಸಿ ಮುಖದಲ್ಲೇ ತನ್ನ ಗಾಡಿಯ ಗಾಜು ಕೆರೆಯುತ್ತಿದ್ದ. ತಂಪು ಚಹಾ ಕೊಡಲು ಹೋದೆ.

"ಅಕ್ಕ, ಹತ್ತಿದ್ದು ನಾನು ಅಂತ ಅವ್ನಿಗೆ ಗೊತ್ತಾಗ್ಲಿಲ್ಲ ಅಲ್ವಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು ಕಣೋ," ಎಂದೆ. "ಕನ್ನಡೀಲಿ ನೋಡಿದ. ಒಪ್ಪಿಗೆ ಇದೆ ಅಂದ."

ಅವನ ಕೈ ನಿಂತಿತು. ಬೈಗುಳಕ್ಕೆ ಕಾದೆ.

"ನನ್ನ ನೋಡಿ ಅಂದ್ನಾ? ಒಪ್ಪಿಗೆ ಇದೆ ಅಂತ?"

"ಹ್ಞೂಂ."

"ಅವ್ನೇ ಅಂದ್ನಾ!" ಮಸಿಯ ನಡುವೆ ಹಲ್ಲೆಲ್ಲ ಕಂಡವು. ಅವನು ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಉಳಿದ ಅಕ್ಷರಗಳನ್ನು ಹುರುಪಿನಿಂದ ಕೆರೆಯತೊಡಗಿದ.